ಟಾಪ್ ತೆರೆದ ಒಂಬತ್ತು ಸಂಜೆ

ಆಪ್ತಸಲಹೆ ಪ್ರಕರಣ: ಕುಟುಂಬ ಮತ್ತು ಸಾಲ, ಕಲಬುರಗಿ

ಹೆಸರು, ವಯಸ್ಸು, ವ್ಯಾಪಾರದ ವಿವರ ಬದಲಿಸಲಾಗಿದೆ. ಗಾಡಿಯ ಕಂಪನಿ, ಬಣ್ಣ ಎರಡನ್ನೂ ಬರೆದಿಲ್ಲ. ಟಾಪ್ ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಗಾಡಿ ಈ ಊರಿನಲ್ಲಿ ಬೆರಳೆಣಿಕೆಯಷ್ಟೇ ಇವೆ. ಬಣ್ಣ ಹೇಳಿದರೆ ಮನೆ ವಿಳಾಸ ಕೊಟ್ಟಂತೆಯೇ.

ಶರಣು, 36 ವರ್ಷ. ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ತೊಗರಿ ಅಡತಿ (ಕಮಿಷನ್) ಅಂಗಡಿ. ತಂದೆ ತೀರಿಕೊಂಡಾಗ ಎಂಜಿನಿಯರಿಂಗ್ ಮೂರನೇ ವರ್ಷಕ್ಕೇ ಬಿಟ್ಟು ಗಾದಿ ಮೇಲೆ ಕೂತವರು. ಹೆಂಡತಿ ಸವಿತಾ, ಇಬ್ಬರು ಮಕ್ಕಳು, ಮನೆಯಲ್ಲಿ ತಾಯಿ. ಸವಿತಾ ಅವರ ತಮ್ಮನ ಮದುವೆಗೆ ಬಂಗಾರದ ಬಳೆ (ಪಾಟ್ಲಿ–ಬಿಲ್ವಾರ) ತರಲು ಲಾಕರಿಗೆ ಹೋದಾಗ ಡಬ್ಬಿ ಖಾಲಿ ಇತ್ತು. ಬಂಗಾರ ಒತ್ತೆಯಲ್ಲಿದೆ ಎಂದು ಆಗ ಗೊತ್ತಾಯಿತು. ಅದಾಗಿ ಎರಡು ವಾರ ಗಂಡ ಹೆಂಡತಿ ಮಾತಾಡಿರಲಿಲ್ಲ. ತಾಯಿಯೇ ಇಬ್ಬರನ್ನೂ ಕರೆತಂದರು.

ಶರಣು ಕೊಂಡ ಗಾಡಿ 2011ರದ್ದು, ಹೈದರಾಬಾದಿನ ನೋಂದಣಿ. 3.5 ಲೀಟರ್‌ನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಹೈಡ್ರಾಲಿಕ್ಸ್‌ನಿಂದ ಮಡಚಿ ಡಿಕ್ಕಿಯೊಳಗೆ ಕೂರುವ ಗಟ್ಟಿ ಟಾಪ್. ಹೊಸದಿದ್ದಾಗ 60 ಲಕ್ಷ ದಾಟಿದ್ದ ಗಾಡಿಯನ್ನು 14 ತಿಂಗಳ ಹಿಂದೆ 15 ಲಕ್ಷಕ್ಕೆ ಕೊಂಡಿದ್ದರು. ಇಷ್ಟು ಹಳೆಯ ಗಾಡಿಗೆ ಬ್ಯಾಂಕ್ ಸಾಲ ಕೊಡಲಿಲ್ಲ. ಕೈಯಲ್ಲಿದ್ದ 6 ಲಕ್ಷಕ್ಕೆ ಬಂಗಾರದ ಮೇಲೆ ಶೇ 11ರಂತೆ 5 ಲಕ್ಷ, ಬೀಗರೊಬ್ಬರಿಂದ ತಿಂಗಳಿಗೆ ನೂರಕ್ಕೆ ಎರಡರಂತೆ 4 ಲಕ್ಷ ಕೈಗಡ ಸೇರಿಸಿದ್ದರು. ನೂರಕ್ಕೆ ಎರಡು ಎಂಬುದು ಬಾಯಲ್ಲಿ ಸಣ್ಣದು, ವರ್ಷಕ್ಕೆ ಶೇ 24.

"ಹದಿನೈದ್ ಲಕ್ಷದಾಗ ಅರವತ್ ಲಕ್ಷದ ಗಾಡಿ ಬಂತಲ್ರೀ ಸರ" ಎಂದರು ಶರಣು. ತಪ್ಪು ಇಲ್ಲೇ ಆಗುವುದು. ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕ್, ಹೆಡ್‌ಲೈಟ್, ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ ಪ್ಲೇಟ್ ಇವತ್ತಿಗೂ 60 ಲಕ್ಷದ ಗಾಡಿಯ ಬೆಲೆಯಲ್ಲೇ ಸಿಗುತ್ತವೆ. 15 ಲಕ್ಷದ ಹೊಸ ಗಾಡಿಯವರ ಖರ್ಚು ನೋಡಿ ಇದರ ಖರ್ಚು ಅಂದಾಜು ಮಾಡಿದವರೆಲ್ಲ ಮೋಸ ಹೋಗುತ್ತಾರೆ.

ಸವಿತಾ ಅವರ ದೂರು ಬೇರೆ ಇತ್ತು. "ಗಾಡಿ ಮ್ಯಾಲ ನಂಗ ಸಿಟ್ಟಿಲ್ರೀ. ನನ್ನ ಪಾಟ್ಲಿ ಒಯ್ಯೋ ಮುಂದ ಒಂದ್ ಮಾತ್ ಕೇಳ್ಬೇಕಿತ್ತಿಲ್ರೀ?" ತವರಿನಿಂದ ಬಂದ ಬಂಗಾರ ಸ್ತ್ರೀಧನ. ಅದು ಮನೆಯ ಆಸ್ತಿಯಲ್ಲ, ಅವರ ಸ್ವಂತದ್ದು. ಇದನ್ನು ಶರಣು ಅವರಿಗೆ ಮೊದಲ ಭೇಟಿಯಲ್ಲೇ ನೇರವಾಗಿ ಹೇಳಲಾಯಿತು. ತಾಯಿ "ಗಂಡ್ಸು ಹುಡುಗ, ಏನೋ ಆಸಿ ಪಟ್ಟಾನ" ಎಂದು ನಡುವೆ ಬಂದರು. ಮುಂದಿನ ಭೇಟಿಗಳಿಗೆ ದಂಪತಿ ಮಾತ್ರ ಬಂದರೆ ಸಾಕು ಎಂದು ತೀರ್ಮಾನವಾಯಿತು.

ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಮಾತನ್ನು ಬೇಕೆಂದೇ ಮುಂದಕ್ಕೆ ಹಾಕಲಾಯಿತು. ಅಂಗಡಿಯಲ್ಲಿ ಒಂದು ಚೀಲದ ಹಮಾಲಿಯನ್ನೂ ಬರೆದಿಡುವ ಮನುಷ್ಯ ಗಾಡಿಯ ಖರ್ಚನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಎರಡನೇ ಭೇಟಿಗೆ ಒಂದು ವಹಿ (ಲೆಕ್ಕದ ಪುಸ್ತಕ) ತರಲು ಹೇಳಿ, ಫೋನ್‌ಪೇ ಪಟ್ಟಿ ಮತ್ತು ಬಿಲ್‌ಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಸೇರಿ ಬರೆಯುವಂತೆ ಮಾಡಲಾಯಿತು. ಪೆನ್ನು ಸವಿತಾ ಅವರ ಕೈಯಲ್ಲಿ.

ಮೊದಲ ಸರ್ವಿಸ್ 58 ಸಾವಿರ. ಈ ಎಂಜಿನ್‌ಗೆ ಸಿಂಥೆಟಿಕ್ ಆಯಿಲ್ಲೇ 8 ಲೀಟರ್ ಬೇಕು. ಅದರ ಜೊತೆ ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್, ಬ್ರೇಕ್ ಆಯಿಲ್. ಗಾಡಿ ಓಡಲಿ ಬಿಡಲಿ, ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಮೂರು ಟೈರು ಮತ್ತು ಒಂದು ಅಲಾಯ್ ರಿಮ್ ನೆಟ್ಟಗೆ ಮಾಡಿಸಿದ್ದು, 54 ಸಾವಿರ. ಟೈರಿನ ಅಳತೆ ಮುಂದೆ 225/40, ಹಿಂದೆ 245/35, ಎಲ್ಲ 18 ಇಂಚು. ಟೈರಿನ ಪಕ್ಕೆ ನಾಲ್ಕು ಬೆರಳಿಗಿಂತ ಸ್ವಲ್ಪವೇ ಎತ್ತರ. ತಗ್ಗಿಗೆ ಬಿದ್ದಾಗ ರಿಮ್ ಮತ್ತು ರಸ್ತೆಯ ನಡುವೆ ಅದು ಸಿಕ್ಕಿ ಒಳಗಿನ ನೂಲು ಕಡಿಯುತ್ತದೆ, ಮರುದಿನ ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ಪಂಚರ್ ಕೆಲಸವಿಲ್ಲ, ಅದನ್ನು ಎಸೆಯಲೇಬೇಕು. ಹಿಂದು ಮುಂದಿನ ಅಳತೆ ಬೇರೆ ಇರುವುದರಿಂದ ಅದಲು ಬದಲು ಮಾಡಲೂ ಆಗದು. ಸ್ಟೆಪ್ನಿ ಇಲ್ಲ, ಹಾಗಾಗಿ ಎರಡು ಸಲ ಗಾಡಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿದ್ದಾರೆ, 30 ಸಾವಿರ. ಇಂಥ ಗಾಡಿ ಬಲ್ಲ ವರ್ಕ್‌ಶಾಪಿಗಾಗಿ ಅವರು ಹೋಗುತ್ತಿದ್ದದ್ದು ಸುಮಾರು 220 ಕಿ.ಮೀ. ದೂರದ ಹೈದರಾಬಾದಿಗೆ.

ಗೇರ್‌ಬಾಕ್ಸಿಗೆ 95 ಸಾವಿರ. ಗೇರು ಒಂದರಲ್ಲೇ ನಿಂತು ಗಾಡಿ ಎಳೆಯದಾಗಿತ್ತು. ಗೇರ್‌ಬಾಕ್ಸ್ ಒಳಗೆ ಆಯಿಲಿನಲ್ಲೇ ಮುಳುಗಿರುವ ಎಲೆಕ್ಟ್ರಾನಿಕ್ ಪ್ಲೇಟಿನ ವೇಗದ ಸೆನ್ಸರ್ ಸತ್ತಿತ್ತು. ಈ ಪ್ಲೇಟನ್ನು ತಂದು ಕೂರಿಸಿದರೆ ಮುಗಿಯದು, ಆ ಗಾಡಿಗೆಂದೇ ಕಂಪ್ಯೂಟರಿನಿಂದ ಪ್ರೋಗ್ರಾಂ ಮಾಡಬೇಕು. ಗುಜರಿಯಿಂದ ಅಗ್ಗದ ಪ್ಲೇಟ್ ತಂದವರು ಸಿಕ್ಕಿಬೀಳುವುದು ಇಲ್ಲೇ.

ಬ್ಯಾಟರಿ 14 ಸಾವಿರ, ಎಸಿ ಕಂಡೆನ್ಸರ್ ಮತ್ತು ಗ್ಯಾಸ್ 36 ಸಾವಿರ, ದಲಾಲಿ 22 ಸಾವಿರ, ಇನ್ಶೂರೆನ್ಸ್ 41 ಸಾವಿರ. 3,400 ಕಿ.ಮೀ. ಓಡಿದ್ದಕ್ಕೆ ಪೆಟ್ರೋಲ್ 50 ಸಾವಿರ, ಅಂದರೆ ಲೀಟರಿಗೆ ಏಳೇ ಕಿ.ಮೀ. ಬಡ್ಡಿ ಬರೆಯುವಾಗ ಶರಣು "ಅದು ಗಾಡಿ ಖರ್ಚಲ್ಲಲ್ರೀ" ಎಂದರು. ಬಂಗಾರದ ಸಾಲಕ್ಕೆ 64 ಸಾವಿರ, ಕೈಗಡಕ್ಕೆ 1,12,000. ಗಾಡಿ ಇಲ್ಲದಿದ್ದರೆ ಈ ಬಡ್ಡಿ ಇರುತ್ತಿತ್ತೇ ಎಂದು ಕೇಳಿದಾಗ ಅವರೇ ಬರೆಸಿದರು. ಒಟ್ಟು 5,76,000. ಕೊಂಡ ಬೆಲೆ ಇದರಲ್ಲಿ ಸೇರಿಲ್ಲ.

ಕಿ.ಮೀ.ಗೆ 169 ರೂಪಾಯಿ ಬಿತ್ತು. ಆದರೆ ಇಂಥ ಗಾಡಿಯನ್ನು ಕಿಲೋಮೀಟರಿನಲ್ಲಿ ಅಳೆಯುವುದು ಅನ್ಯಾಯ. ಅದನ್ನು ಕೊಂಡದ್ದು ಊರು ಮುಟ್ಟಲಿಕ್ಕಲ್ಲ, ಟಾಪ್ ತೆಗೆದು ಓಡಿಸಲಿಕ್ಕೆ. ಹಾಗಾಗಿ ಟಾಪ್ ತೆಗೆದ ಸಂಜೆಗಳನ್ನು ಎಣಿಸಲು ಹೇಳಲಾಯಿತು. ಮಾರ್ಚ್‌ನಿಂದ ಜೂನ್‌ವರೆಗೆ 42–43 ಡಿಗ್ರಿವರೆಗೂ ಏರುವ ಬಿಸಿಲು, ಮುಂದೆ ಮಳೆ, ಸುಗ್ಗಿಯಲ್ಲಿ ಗಂಜ್ ಬಿಟ್ಟು ಕದಲುವಂತಿಲ್ಲ. ನೆನಪಿಸಿಕೊಂಡು ಎಣಿಸಿದರೆ ಒಂಬತ್ತು ಸಂಜೆ. ಒಂದು ಸಂಜೆಗೆ 64 ಸಾವಿರ.

ಶರಣು ತಲೆ ತಗ್ಗಿಸಿದರು. ಆಗ ಸವಿತಾ ಹೇಳಿದ ಮಾತು ಇಡೀ ಪ್ರಕರಣದ ದಿಕ್ಕು ತಿರುಗಿಸಿತು: "ಅದ್ರಾಗ ಆರು ಸಂಜಿ ನಾನೂ ಕುಂತಿದ್ದೆ. ಹುಮನಾಬಾದ್ ರೋಡಿಗೆ ಹೋಗಿದ್ವಿ. ಚಲೋ ಇತ್ತು." ಗಾಡಿಯ ಸುಖದಲ್ಲಿ ಅವರಿಗೂ ಪಾಲಿತ್ತು, ಖರ್ಚಿನ ಗುಟ್ಟಿನಲ್ಲಿ ಇರಲಿಲ್ಲ. ಇಂಥ ಪ್ರಕರಣಗಳಲ್ಲಿ ಗಾಡಿಯನ್ನು ಸವತಿ ಮಾಡಿ ಮಾತಾಡುವ ಸಲಹೆಗಾರರು ಇದ್ದಾರೆ. ಇಲ್ಲಿ ಹಾಗೆ ಮಾಡಿದ್ದರೆ ಈ ಮಾತು ಹೊರಬರುತ್ತಿರಲಿಲ್ಲ.

ಮೂರನೇ ಭೇಟಿಗೆ ಎರಡು ವಿಷಯ ಉಳಿದಿದ್ದವು, ಟಾಪ್ ಮತ್ತು ಕಾಗದ.

ಟಾಪ್ ಅರ್ಧಕ್ಕೆ ನಿಲ್ಲುತ್ತಿತ್ತು. ಪಂಪ್ ಮತ್ತು ಎಲ್ಲ ಸಿಲಿಂಡರ್ ಬದಲಿಸಬೇಕೆಂದು ಒಬ್ಬರು 1,40,000 ಹೇಳಿದ್ದರು. ಹಣ ಕೊಡುವ ಮೊದಲು ಕಿವಿಗೊಟ್ಟು ಕೇಳಿ ಎಂದು ಸೂಚಿಸಲಾಯಿತು. ಬಟನ್ ಒತ್ತಿದಾಗ ಪಂಪಿನ ಸದ್ದೇ ಬಾರದಿದ್ದರೆ ದೋಷ ಬಹುಪಾಲು ಕರೆಂಟಿನದು: ಫ್ಯೂಸ್, ರಿಲೇ, ಸೆನ್ಸರ್ ಸ್ವಿಚ್, ಇಲ್ಲವೇ ಡಿಕ್ಕಿಯೊಳಗಿನ ಸಾಮಾನು ಮರೆ ಮಾಡುವ ಪರದೆಯನ್ನು ಎಳೆದು ಸಿಕ್ಕಿಸದೆ ಇರುವುದು. ಪರದೆ ತನ್ನ ಜಾಗದಲ್ಲಿ ಇರದಿದ್ದರೆ ಟಾಪ್ ಕದಲುವುದೇ ಇಲ್ಲ. ಪಂಪ್ ಗುಂಯ್ ಎಂದೂ ಟಾಪ್ ಏಳದಿದ್ದರೆ ಬಹುಪಾಲು ಹೈಡ್ರಾಲಿಕ್ ಆಯಿಲ್ ಕಡಿಮೆಯಾಗಿದೆ, ಅಂದರೆ ಎಲ್ಲೋ ಸೋರುತ್ತಿದೆ. ಇಲ್ಲಿ ಪಂಪ್ ಸದ್ದು ಮಾಡುತ್ತಿತ್ತು, ಮುಂದಿನ ಗಾಜಿನ ಮೇಲಂಚಿನಿಂದ ಎಣ್ಣೆ ಜಿನುಗಿದ ಕಲೆಯೂ ಇತ್ತು. ಬಿಸಿಲಿಗೆ ನಿಂತು ನಿಂತು ಸಿಲಿಂಡರಿನ ಸೀಲ್ ಒಣಗಿ ಬಿರಿದಿತ್ತು. ಎರಡು ಸಿಲಿಂಡರ್ ಬಿಚ್ಚಿ ಸೀಲ್ ಮಾತ್ರ ಹಾಕಿಸಿದ್ದಕ್ಕೆ 45 ಸಾವಿರ ಬಿತ್ತು. ಅರ್ಧಕ್ಕೆ ನಿಂತ ಟಾಪನ್ನು ಕೈಯಿಂದ ಬಲವಂತವಾಗಿ ಒತ್ತಬಾರದು, ಸಂದು ಬಾಗಿದರೆ ಲೆಕ್ಕ ಲಕ್ಷಕ್ಕೆ ಏರುತ್ತದೆ.

ಗಾಡಿ ನಿಲ್ಲುತ್ತಿದ್ದದ್ದು ಬೇವಿನ ಮರದ ಕೆಳಗೆ. ನೆರಳು ಒಳ್ಳೆಯದೇ, ಆದರೆ ಉದುರಿದ ಎಲೆ ಹೂವು ಟಾಪ್ ಮಡಚುವ ಸಂದಿಗೆ ಇಳಿದು ನೀರು ಹೋಗುವ ಸಣ್ಣ ನಳಿಗೆಯನ್ನು ಕಟ್ಟುತ್ತವೆ. ಮಳೆಗಾಲದಲ್ಲಿ ನೀರು ಡಿಕ್ಕಿಯ ತಳಕ್ಕೆ ನುಗ್ಗಿ ಅಲ್ಲಿನ ವೈರಿಂಗ್ ಕೆಡಿಸುತ್ತದೆ. ಮಳೆಗೆ ಮುಂಚೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ನಳಿಗೆ ಬಿಡಿಸಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಒಳಗಿನ ಪೈಪ್ ಕಳಚುವ ಅಪಾಯವಿದೆ. ಟಾಪಿನ ರಬ್ಬರ್ ಬೀಡಿಂಗ್‌ಗೆ ಮೂರು ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ಸವರಬೇಕು. ಡೀಸೆಲ್, ಕೊಬ್ಬರಿ ಎಣ್ಣೆ ಬೇಡ.

ಕಾಗದದ ಸ್ಥಿತಿ ನಿಜಕ್ಕೂ ಹೆದರಿಸುವಂತಿತ್ತು. ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ. ಶರಣು ಬಳಿ ಇದ್ದದ್ದು ಆ ಮಾಲೀಕರ ಸಹಿ ಇದ್ದ, ಹೆಸರು ವರ್ಗಾವಣೆಯ ಖಾಲಿ ಫಾರ್ಮ್ 29 ಮತ್ತು 30 ಮಾತ್ರ. ಇನ್ಶೂರೆನ್ಸನ್ನೂ ಹಳೆಯ ಹೆಸರಲ್ಲೇ ನವೀಕರಿಸಿದ್ದರು. ಅಪಘಾತವಾದರೆ ಶರಣು ತಮ್ಮ ಗಾಡಿಯ ನಷ್ಟ ಕೇಳಿದಾಗ ಕಂಪನಿ ಇದನ್ನೇ ಹಿಡಿದು ತಳ್ಳಿಹಾಕಬಹುದು. ಗಾಯಾಳುಗಳ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಅಂದರೆ ಗಾಡಿ ಮಾರಿ ನೆಮ್ಮದಿಯಾಗಿರುವ ಹೈದರಾಬಾದಿನ ಮನುಷ್ಯನೂ ಸಿಕ್ಕಿಬೀಳುತ್ತಾನೆ. ಕಾಗದ ಸರಿ ಇದ್ದರೂ ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ, ಯಾವ ವಯಸ್ಸಿನದಾದರೂ ರಬ್ಬರ್ ಪ್ಲಾಸ್ಟಿಕ್ ಭಾಗಗಳಿಗೆ, ಸಾಮಾನ್ಯ ಪಾಲಿಸಿ ಅರ್ಧ ಬೆಲೆ ಕಡಿದೇ ಕೊಡುತ್ತದೆ. ಗೇರ್‌ಬಾಕ್ಸ್, ಟಾಪ್ ತಾವಾಗಿ ಕೆಟ್ಟದ್ದಕ್ಕೆ ಏನೂ ಇಲ್ಲ.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕಲಬುರಗಿಯ ಕೆಎ 32 ನಂಬರ್ ಪಡೆಯಲೇಬೇಕು. ಹೈದರಾಬಾದಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ತೆರಿಗೆ ಲೆಕ್ಕ ಹಾಕುವುದು ಕೊಂಡ 15 ಲಕ್ಷದ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಷ್ಟು ಕಡಿತ ಮಾಡಿ. ವಿಚಾರಿಸಿದಾಗ ಮೂರು ಲಕ್ಷದ ಮೇಲೆ ಬಂತು. ಅದಲ್ಲದೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣ ಬೇರೆ. ಆರ್‌ಸಿಯಲ್ಲಿ ಆಮದು ಗಾಡಿ ಎಂದಿದ್ದರೆ ಅದರ ಶುಲ್ಕ 5 ಸಾವಿರವಲ್ಲ, 40 ಸಾವಿರ.

ಕೊಟ್ಟ ಸಲಹೆ ಹೀಗಿತ್ತು. ಕಾಗದ ಸರಿಯಾಗುವವರೆಗೆ ಗಾಡಿ ರಸ್ತೆಗಿಳಿಸಬಾರದು. ಶೆಡ್ಡಿನಲ್ಲಿ ಟಾಪ್ ಮುಚ್ಚಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಹಚ್ಚಿ, ಟೈರಿಗೆ ನಾಲ್ಕೈದು ಪಿಎಸ್‌ಐ ಗಾಳಿ ಹೆಚ್ಚಿಸಿ ನಿಲ್ಲಿಸಬೇಕು. ಈಗಿನ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗಾಗಿ 2011ರ ಗಾಡಿ ಮಾಡಿದ್ದಲ್ಲ. ಎಥನಾಲ್ ತೇವ ಹೀರುತ್ತದೆ, ಹಾಗಾಗಿ ಅದನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು. ಮೊದಲು ತೀರಬೇಕಾದ್ದು ಕೈಗಡ, ಏಕೆಂದರೆ ಅದರ ಬಡ್ಡಿ ಹೆಚ್ಚು. ಆದರೆ ಅದಕ್ಕಾಗಿ ಉಳಿದ ಬಂಗಾರ ಮುಟ್ಟುವಂತಿಲ್ಲ. ಇಟ್ಟುಕೊಳ್ಳುವುದಾದರೆ ತೆರಿಗೆಯ ಮೂರು ಲಕ್ಷದ ಜೊತೆ ತಿಂಗಳಿಗೆ 15 ಸಾವಿರ ಗಾಡಿಗೆಂದೇ ಬೇರೆ ಖಾತೆಯಲ್ಲಿ ಬೀಳಬೇಕು, ಕೆಟ್ಟರೂ ಕೆಡದಿದ್ದರೂ. ಮಾರುವುದಾದರೆ ಹೈದರಾಬಾದಿನವರಿಗೇ ಮಾರಬೇಕು. ಗಾಡಿ ಅಲ್ಲಿನ ನೋಂದಣಿಯಲ್ಲೇ ಇರುವುದರಿಂದ ಹಳೆಯ ಮಾಲೀಕರು ಒಪ್ಪಿ ಜೊತೆಗೆ ಬಂದರೆ ಇಲ್ಲಿನ ತೆರಿಗೆ, ಎನ್‌ಒಸಿ ಎರಡೂ ಇಲ್ಲದೆ ಕೆಲಸವಾಗುತ್ತದೆ. 15 ವರ್ಷ ತುಂಬುವ ಮೊದಲೇ ಮಾರಬೇಕು, ಅದು ದಾಟಿದರೆ ಕೊಳ್ಳುವವರು ನವೀಕರಣದ ಖರ್ಚು ತೋರಿಸಿ ಇನ್ನಷ್ಟು ಎಳೆಯುತ್ತಾರೆ.

ಟಾಪ್ ಕೆಟ್ಟಿದ್ದಾಗ 9.5 ಲಕ್ಷ ಕೇಳಿದ್ದ ವ್ಯಾಪಾರಿ ಸರಿಯಾದ ಮೇಲೆ 11.5ಕ್ಕೆ ಬಂದಿದ್ದಾನೆ. ಕೈಗಡ, ಬಂಗಾರದ ಸಾಲ ಎರಡೂ ತೀರಿ ಎರಡು ಲಕ್ಷದ ಮೇಲೆ ಉಳಿಯುತ್ತದೆ. ನಾಲ್ಕನೇ ಭೇಟಿಯಲ್ಲಿ ಮಾರೋಣ ಎಂದದ್ದು ಶರಣು. ಸವಿತಾ ಒಂದು ವಾರ ತಡೆಯಿರಿ ಎಂದರು, ಯಾಕೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬಂಗಾರ ಬಿಡಿಸಿಕೊಂಡು ಬರಲು ಇಬ್ಬರೂ ಒಟ್ಟಿಗೆ ಹೋಗುವುದೆಂದು ಮಾತಾಗಿದೆ. ಗಾಡಿ ತಾನಾಗಿ ಓಡುತ್ತದೆ, ಮಾರಲು ಹೈದರಾಬಾದಿಗೆ ಒಂದು ಸಲ ಓಡಿಸಿಕೊಂಡೇ ಒಯ್ದರೆ ಹೇಗೆ ಎಂದು ಶರಣು ಕೇಳಿದರು. ಪಾಲಿಸಿ ಯಾರ ಹೆಸರಲ್ಲಿದೆ ಎಂದು ಸವಿತಾ ಕೇಳಿದರು. ವಹಿ ತಮ್ಮತ್ತ ಎಳೆದುಕೊಂಡು, ಇನ್ನೂ ಆಗದ ಖರ್ಚನ್ನು ಶರಣು ತಾವೇ ಬರೆದರು: ಫ್ಲಾಟ್‌ಬೆಡ್, 15,000.