ಸಕ್ಕರೆ ಗುಳಿಗೆಯಿಂದ ಹುಟ್ಟಿದ ಆಸ್ಪತ್ರೆ

ಕುಮಟಾದ ನಿಮ್ಮ ಅಜ್ಜಿ ‘ಮುಲ್ಲರ್ ಪಾದ್ರಿಯ ಸಕ್ಕರೆ ಗುಳಿಗೆ’ ಎನ್ನುತ್ತಿದ್ದರು, ಮಂಗಳೂರಿನ ಅಷ್ಟು ದೊಡ್ಡ ಫಾದರ್ ಮುಲ್ಲರ್ ಆಸ್ಪತ್ರೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿದ್ದೀರಿ. ಸಂಬಂಧವೇನು ಬಂತು, ಆಸ್ಪತ್ರೆ ಹುಟ್ಟಿದ್ದೇ ಆ ಗುಳಿಗೆಯಿಂದ.

ಜರ್ಮನಿಯವರಾದ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನಲ್ಲಿ ಪಾಠ ಹೇಳುತ್ತಿದ್ದವರು. ಸಕ್ಕರೆ ಗುಳಿಗೆಗಳಲ್ಲಿ ಔಷಧ ಕೊಡುವ ಹೋಮಿಯೋಪಥಿಯನ್ನು ಚೆನ್ನಾಗಿ ಬಲ್ಲವರು. 1880ರಲ್ಲಿ ಅದೇ ಊರಿನ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಕುಳಿತು ಬಡವರಿಗೆ ಔಷಧ ಕೊಡತೊಡಗಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ತೆರೆದ ಆಸ್ಪತ್ರೆ. ಹೆತ್ತವರೇ ಮುಟ್ಟಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರಿಗೆ ಸೂರು, ಊಟ, ಆರೈಕೆ ಎಲ್ಲವೂ ಅಲ್ಲಿ ಸಿಕ್ಕಿತು. 1910ರಲ್ಲಿ ಪಾದ್ರಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ವೈದ್ಯಕೀಯ ಕಾಲೇಜು ಬಂದದ್ದು ತೀರ ಈಚೆಗೆ, 1999ರಲ್ಲಿ. ಹೋಮಿಯೋಪಥಿ ಔಷಧ ತಯಾರಿಕೆ ಈಗಲೂ ಇದೆ.

ಹೊನ್ನಾವರದ ನಮ್ಮ ಮನೆಯಲ್ಲೂ ದೇವರ ಗೂಡಿನ ಪಕ್ಕ ಒಂದು ತಗಡಿನ ಡಬ್ಬ ಇರುತ್ತಿತ್ತು. ಒಳಗೆ ಬೆರಳುದ್ದದ ಬಾಟಲಿಗಳು, ಸಾಸಿವೆಗಿಂತ ತುಸು ದಪ್ಪದ ಬಿಳಿ ಗುಳಿಗೆಗಳು. ಜ್ವರ ಬಂದರೆ ಅಮ್ಮ ನಾಲ್ಕು ಎಣಿಸಿ ನಾಲಿಗೆಯ ಮೇಲೆ ಹಾಕುತ್ತಿದ್ದರು. ನಿಮ್ಮ ಅಜ್ಜಿಯ ಡಬ್ಬ ಇನ್ನೂ ಅಟ್ಟದ ಮೇಲಿದ್ದರೆ ತೆಗೆದು ಬಾಟಲಿಯ ಮೇಲಿನ ಚೀಟಿ ಓದಿ ನೋಡಿ, ಕಂಕನಾಡಿಯ ಹೆಸರು ಸಿಕ್ಕೀತು.