ಕೋತಗಿರಿಯ ಬಂಗಲೆಗಿಂತ ಮುಂಚೆ

ಪ್ರಶ್ನೆ: ಕೆಲಸದ ಮೇಲೆ ಈಚೆಗೆ ಕೋತಗಿರಿಗೆ ಬಂದಿದ್ದೇನೆ. ನೀಲಗಿರಿಯಲ್ಲಿ ಬ್ರಿಟಿಷರು ಮೊದಲು ಮನೆ ಮಾಡಿದ್ದು ಊಟಿಯಲ್ಲೋ, ಇಲ್ಲೋ? ಅವರು ಬರುವ ಮುಂಚೆ ಇದೆಲ್ಲ ಬರೀ ಕಾಡಾಗಿತ್ತೇ?

ಉತ್ತರ: ಇಲ್ಲೇ. ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ಕನ್ನೇರಿಮುಕ್ಕಿಗೆ ನಡೆದೇ ಹೋಗಬಹುದು. ಅಲ್ಲಿನ ಪೆತ್ತಕಲ್ ಬಂಗಲೆ, ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ ಕಟ್ಟಿಸಿದ್ದು. 1818ರಲ್ಲಿ ಅವನ ಕೈಕೆಳಗಿನ ವಿಶ್ ಮತ್ತು ಕಿಂಡರ್ಸ್ಲಿ ಬೆಟ್ಟ ಹತ್ತಿ ಬಂದು ಇಲ್ಲಿಯ ತಂಪು ಹವೆಯ ಸುದ್ದಿ ಒಯ್ದರು. 1819ರ ಜನವರಿಯಲ್ಲಿ ಸಲಿವನ್ ತಾನೇ ಬಂದ, ದಿಂಹಟ್ಟಿ ಕಣಿವೆಯಲ್ಲಿ ಈ ಮನೆ ಎದ್ದಿತು. ಆಮೇಲೆ ಬೆಟ್ಟದ ಬುಡದ ಸಿರುಮುಗೈಯಿಂದ ಇಲ್ಲಿಗೆ ರಸ್ತೆ. ಊಟಿಯಲ್ಲಿ ಅವನು ಕಟ್ಟಿಸಿದ ಸ್ಟೋನ್‌ಹೌಸ್ ಎಂಬ ಮನೆಯ ಕೆಲಸ ಶುರುವಾದದ್ದು 1822ರಲ್ಲಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಬರೀ ಕಾಡಾಗಿದ್ದರೆ ದಿಂಹಟ್ಟಿಯಲ್ಲಿ ‘ಹಟ್ಟಿ’ ಎಲ್ಲಿಂದ ಬರಬೇಕು? ಅದು ಬಡಗರ ಊರು. ಬಡಗ ಎಂದರೆ ಬಡಗಣ ದಿಕ್ಕಿನವರು, ನಮ್ಮ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂದು ಅವರ ಹಿರಿಯರೇ ಹೇಳುತ್ತಾರೆ. ಕೋತಗಿರಿಯ ಹೆಸರಿನಲ್ಲೇ ಕೋತರಿದ್ದಾರೆ: ಕಬ್ಬಿಣ ಬಡಿಯುವ, ಮಡಕೆ ಮಾಡುವ, ವಾದ್ಯ ನುಡಿಸುವ ಜನ. ಅತ್ತ ಊಟಿಯ ಹುಲ್ಲುಗಾವಲುಗಳಲ್ಲಿ ಎಮ್ಮೆ ಕಾಯುವ ತೋದರ ಮಂದುಗಳು, ಅಂದರೆ ಅವರ ಊರುಗಳು; ಊಟಿಯ ಪೂರ್ತಿ ಹೆಸರಾದ ಊಟಕಮಂಡ್‌ನ ಕೊನೆಯಲ್ಲಿರುವುದೂ ಆ ‘ಮಂದು’ವೇ.

ನಾನು ಮದುವೆಯಾಗಿ ಚಾಮರಾಜನಗರದಿಂದ ಇಲ್ಲಿಗೆ ಬಂದಾಗ ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಸಂತೆಯಲ್ಲಿ ಕಂಗಾಲಾಗಿ ನಿಂತವಳಿಗೆ ಬಿಳಿ ಸೀರೆಯುಟ್ಟ ಬಡಗರ ಅಜ್ಜಿಯೊಬ್ಬರ ಮಾತಿನಲ್ಲಿ ‘ಹಾಲು’, ‘ನೀರು’, ‘ಮನೆ’ ಕೇಳಿಸಿತು. ತವರಿನವರು ಸಿಕ್ಕಷ್ಟು ಸಮಾಧಾನವಾಯಿತು. ಇಷ್ಟು ಹಳೆಯ ಮಾತು ಬೇರುಬಿಟ್ಟಿರುವ ನೆಲವನ್ನು ಖಾಲಿ ಜಾಗ ಎಂದರೆ ನನಗೆ ಇಂದಿಗೂ ನೋವಾಗುತ್ತದೆ.

ಸಲಿವನ್‌ಗೂ ಅದು ಗೊತ್ತಿತ್ತು. ಊಟಿಯ ಜಾಗವನ್ನು ಅವನು ತೋದರಿಂದ ಎಕರೆಗೆ 1 ರೂಪಾಯಿಯಂತೆ ಕೊಂಡ. ಬೆಲೆ ತೀರಾ ಕಡಿಮೆ, ನಿಜ. ಆದರೂ ಕೊಂಡ ಎಂದಮೇಲೆ ಒಡೆಯರಿದ್ದರು ಎಂದೇ ಅರ್ಥ. ತೋದರಿಗೆ ಭೂಮಿಯ ಹಕ್ಕಿದೆ ಎಂದು ಮುಂದೆ ತನ್ನ ಸರ್ಕಾರದೆದುರೇ ವಾದಿಸಿದ. ಅದಕ್ಕಾಗಿ ಅವನ ಮೇಲೆ ನನಗೆ ಗೌರವವಿದೆ.

ಬಂಗಲೆ ಈಗ ವಸ್ತುಸಂಗ್ರಹಾಲಯ. ಅದನ್ನು ನೋಡಿದ ದಿನವೇ ಯಾವುದಾದರೂ ಹಟ್ಟಿಗೂ ಹೋಗಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳನ್ನು ನೋಡಿ ಬನ್ನಿ. ಕನ್ನಡದಲ್ಲೇ ಮಾತಾಡಿಸಿ.