ಬಿಸಿಯೂಟದಲ್ಲಿ ಅನ್ನ, ಸಾಂಬಾರು ಇರುವಾಗ ಮೊಟ್ಟೆಯೂ ಏಕೆ ಬೇಕು?

ಅನ್ನ, ಸಾಂಬಾರು ಮಗುವಿನ ಹಸಿವನ್ನು ನೀಗಿಸುತ್ತವೆಯಾದರೂ ಬೆಳವಣಿಗೆಗೆ ಬೇಕಾದ ಉತ್ತಮ ಗುಣಮಟ್ಟದ ಪ್ರೋಟೀನನ್ನು ಸಾಕಷ್ಟು ಒದಗಿಸುವುದಿಲ್ಲ. ಆ ಕೊರತೆಯನ್ನು ಮೊಟ್ಟೆ ತುಂಬುತ್ತದೆ. ಪ್ರೋಟೀನು ಅಮೈನೋ ಆಮ್ಲಗಳೆಂಬ ಘಟಕಗಳಿಂದ ಆಗಿದ್ದು, ಅವುಗಳಲ್ಲಿ 9 ಘಟಕಗಳನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಅವುಗಳಲ್ಲಿ ಒಂದು ಕಡಿಮೆಯಾದರೂ ಉಳಿದವುಗಳ ಪೂರ್ಣ ಬಳಕೆ ಆಗುವುದಿಲ್ಲ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಘಟಕ ಬೇಳೆಯಲ್ಲಿ ಧಾರಾಳವಾಗಿದೆ, ಆದರೆ ಸಾಂಬಾರು ತೆಳುವಾದಷ್ಟೂ (ಹಾಗಾಗುವುದು ಅಪರೂಪವೇನಲ್ಲ) ಈ ಹೊಂದಾಣಿಕೆ ಕುಂದುತ್ತದೆ. ಒಂದು ಮೊಟ್ಟೆಯ ಸುಮಾರು 6 ಗ್ರಾಂ ಪ್ರೋಟೀನಿನಲ್ಲಿ ಈ ಎಲ್ಲ ಘಟಕಗಳೂ ಇವೆ; ಜೊತೆಗೆ ಬೇಳೆಕಾಳು, ತರಕಾರಿಗಳಲ್ಲಿ ಸಿಗದ ಬಿ12 ಜೀವಸತ್ವವೂ ಇದೆ. ಮೊಟ್ಟೆ ತಿನ್ನದ ಮಕ್ಕಳಿಗೆ ಕರ್ನಾಟಕದ ಶಾಲೆಗಳಲ್ಲಿ ಕೊಡುವ ಬಾಳೆಹಣ್ಣಿನಲ್ಲಿ ಇರುವುದು ಸುಮಾರು 1 ಗ್ರಾಂ ಪ್ರೋಟೀನು ಮಾತ್ರ, ಆದ್ದರಿಂದ ಅಂಥವರಿಗೆ ಗಟ್ಟಿ ಬೇಳೆಯ ಸಾಂಬಾರು ಮತ್ತು ಕ್ಷೀರಭಾಗ್ಯದ ಹಾಲು ಇನ್ನೂ ಮುಖ್ಯ.